ಹಾಲಿನ ಋಣ ಮತ್ತು ತಾಯಿಯ ತಾಟು



ಈಚೆಗೆ ಒಂದು ಭಾನುವಾರ ಪೂಜೆ ಮುಗಿದ ಬಳಿಕ, ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡಿದ್ದ ತಾಯಿಯೊಬ್ಬಳು ಸಂಕೋಚದಿಂದಲೇ ಕೇಳಿದಳು: "ಫಾದರ್, ಎದೆಹಾಲು ಕುಡಿಸಿದ್ರ ಮೈ ಇಳೀತದ ಅಂತಾರ. ಲಗೂನ ಇಳೀಲಿ ಅಂತ ನಾನು ರಾತ್ರಿ ಊಟಾನೂ ಬಿಟ್ಟೀನಿ. ಇದರಾಗ ಪಾಪ ಏನರ ಐತೇನ್ರಿ?"

"ನೀನು ಊಟ ಬಿಟ್ಟದ್ದು ಮನೆಯಲ್ಲಿ ಯಾರಿಗಾದರೂ ಗೊತ್ತೇನಮ್ಮ?" ಎಂದು ನಾನು ಮರುಪ್ರಶ್ನೆ ಹಾಕಿದೆ.

"ಎಲ್ಲಾರೂ ಉಂಡ ಮ್ಯಾಲೆ ಉಣ್ಣಾಕಿ ನಾನು. ಯಾರಿಗೆ ಗೊತ್ತಾಗ್ತದ್ರಿ?" ಎಂದಳು.

ಅವಳ ಪ್ರಶ್ನೆಗಿಂತ ಈ ಉತ್ತರವೇ ನನ್ನನ್ನು ಹೆಚ್ಚು ಕಾಡಿತು. ಎರಡರ ಕುರಿತೂ ನಿಮ್ಮೊಡನೆ ವಿಚಾರ ಮಾಡಬೇಕೆನಿಸಿದೆ.

ಮೊದಲು ಅವಳು ಕೇಳಿದ ಮಾತು ಎಷ್ಟು ನಿಜವೆಂದು ನೋಡೋಣ. ಪೂರ್ತಿ ಎದೆಹಾಲನ್ನೇ ಕುಡಿಯುವ ಕೂಸಿಗಾಗಿ ತಾಯಿಯ ದೇಹ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ತಯಾರಿಸುತ್ತದೆ. ಆ ಹಾಲಿನಲ್ಲಿರುವ ಶಕ್ತಿಯೇ ಸುಮಾರು 500 ಕ್ಯಾಲೊರಿ. ಅದನ್ನು ತಯಾರಿಸುವ ಕೆಲಸಕ್ಕೂ ದೇಹ ಇನ್ನಷ್ಟು ಖರ್ಚು ಮಾಡಬೇಕು. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಮುಂದಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚುವರಿ ಆಹಾರ ಬೇಕೆಂದು ಹೇಳಿದೆ. ಗರ್ಭಿಣಿಯಾಗಿದ್ದಾಗ ದೇಹವು ಕೊಬ್ಬಿನ ರೂಪದಲ್ಲಿ ಕೂಡಿಟ್ಟ ಗಂಟಿನಿಂದಲೂ ಈ ಖರ್ಚಿನ ಒಂದು ಪಾಲು ಹೋಗುತ್ತದೆ. ಹೀಗಾಗಿ ಹಲವು ತಾಯಂದಿರ ತೂಕ ಮೆಲ್ಲಮೆಲ್ಲನೆ ಇಳಿಯುವುದು ನಿಜ. ಆದರೆ ಹಾಲುಣಿಸುವವಳಿಗೆ ಹಸಿವೂ ಹೆಚ್ಚುತ್ತದೆ. ಕೆಲವರ ತೂಕ ಇಳಿಯುವುದಿಲ್ಲ, ಕೆಲವರದು ಏರುವುದೂ ಉಂಟು. ಆದುದರಿಂದ ಇದನ್ನು ಮೈ ಇಳಿಸುವ ಖಾತರಿಯ ಔಷಧಿ ಎಂದು ಯಾರೂ ನಂಬಬಾರದು.

ಇನ್ನು ಪಾಪದ ಪ್ರಶ್ನೆ. ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಎರಡು ಗುರಿಗಳನ್ನು ಬೇರ್ಪಡಿಸಿ ನೋಡಲು ನಮಗೆ ಕಲಿಸುತ್ತಿದ್ದರು. ಒಂದು, ಕೆಲಸದ ಸಹಜ ಗುರಿ. ಇನ್ನೊಂದು, ಆ ಕೆಲಸ ಮಾಡುವವರ ಮನಸ್ಸಿನ ಗುರಿ. ಖಾನಾವಳಿಯ ಯಜಮಾನ ನಾಲ್ಕು ಕಾಸು ಗಳಿಸಲೆಂದು ಅಡುಗೆ ಮಾಡಿಸುತ್ತಾನೆ. ಅಡುಗೆಯ ಸಹಜ ಗುರಿಯಾದರೋ ಹಸಿದವರ ಹೊಟ್ಟೆ ತುಂಬಿಸುವುದು. ಅವನು ಲಾಭ ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಲಾಭಕ್ಕಾಗಿ ಹಳಸಿದ ಸಾರನ್ನು ಬಡಿಸಿದರೆ, ಅವನ ಗುರಿಯು ಅಡುಗೆಯ ಗುರಿಯನ್ನೇ ಕೆಡಿಸಿದಂತಾಯಿತು.

ಹಾಲುಣಿಸುವುದೂ ಹಾಗೆಯೇ. ಅದರ ಸಹಜ ಗುರಿ ಕೂಸಿನ ಪೋಷಣೆ. ಜೊತೆಗೆ ತನ್ನ ಮೈ ಹಗುರಾಗಲಿ ಎಂದು ತಾಯಿ ಬಯಸಿದರೆ ಅದು ಪಾಪವಲ್ಲ. ಅತಿಯಾದ ತೂಕ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಾರಿಯಾಗಬಹುದು. ಆಕೆಯ ಬಯಕೆಯನ್ನು ಬರಿಯ ಶೋಕಿ ಎಂದು ಹೀಗಳೆಯುವುದು ಅನ್ಯಾಯ. ಹೆರಿಗೆಯ ದಣಿವು ಆರಿದ ಮೇಲೆ ವೈದ್ಯರನ್ನು ಕೇಳಿ ನಡಿಗೆ, ವ್ಯಾಯಾಮ ಮಾಡಲಿ. ಕರಿದದ್ದು, ಸಿಹಿ ಕಡಿಮೆ ಮಾಡಲಿ. ಆದರೆ ಉಪವಾಸ ಬೇಡ. ಯಾಕೆಂದರೆ ತಾಯಿ ಕಡಿಮೆ ಉಂಡರೂ ದೇಹ ಬೇಗನೆ ಹಾಲು ಕಡಿಮೆ ಮಾಡುವುದಿಲ್ಲ. ತನ್ನ ಗಂಟು ಬಿಚ್ಚಿಯಾದರೂ ಕೂಸಿಗೆ ಮೊದಲು ಕೊಡುತ್ತದೆ. ಮೂಳೆಯಲ್ಲಿರುವ ಸುಣ್ಣದ ಅಂಶವನ್ನೂ ಒಂದಿಷ್ಟು ತೆಗೆದು ಕೊಡುತ್ತದೆ. ಹಾಲು ಬಿಡಿಸಿದ ಮೇಲೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಕೂಸು ಚೆನ್ನಾಗಿದೆ ಎಂದ ಮಾತ್ರಕ್ಕೆ ತಾಯಿಯೂ ಚೆನ್ನಾಗಿದ್ದಾಳೆ ಎಂದು ಹೇಳಲಾಗದು.

ಓದುಗರೇ, ಇಲ್ಲಿ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಇನ್ನೊಬ್ಬ ತಾಯಿಯನ್ನೂ ನೆನೆಯೋಣ. ಅವಳಿಗೆ ಮೈ ಇಳಿಸುವ ಚಿಂತೆಯಿಲ್ಲ. ಇಳಿಸಲು ಮೈಯೇ ಇಲ್ಲ. ಬಾಣಂತನದ ದಿನಗಳು ಮುಗಿಯುವ ಮೊದಲೇ ಎರೆಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಾಳೆ. ಮಗ್ಗದ ಮನೆಯವಳಾದರೆ ನೂಲು ಸುತ್ತಲು ಕೂಡುತ್ತಾಳೆ. ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ಮನೆಯವಳಾದರೆ ಕಟ್ಟಡದ ಕೆಲಸದ ನಡುವೆಯೇ ಕೂಸಿಗೆ ಹಾಲೂಡುತ್ತಾಳೆ. 2017ರ ಕಾನೂನು ತಿದ್ದುಪಡಿಯಿಂದ ಕಾರ್ಖಾನೆ, ಕಚೇರಿಗಳ ತಾಯಂದಿರಿಗೆ 26 ವಾರಗಳ ಸಂಬಳಸಹಿತ ರಜೆ ಬಂತು. ಕಳೆ ತೆಗೆಯುವವಳಿಗೆ ಆ ರಜೆ ಕೊಡುವವರು ಯಾರು? ಪಟ್ಟಣದ ತಾಯಿಗೆ "ಇಷ್ಟು ಕ್ಯಾಲೊರಿ ಇಳಿಯಿತು" ಎಂಬುದು ಸಂತೋಷದ ಸುದ್ದಿಯಾಗಿ ಕೇಳಿಸಬಹುದು. ಈ ತಾಯಿಗೆ ಅದೇ 600 ಕ್ಯಾಲೊರಿ, ಇಲ್ಲದ ಕೈಯಿಂದ ದಿನವೂ ಕೊಡುವ ಸಾಲ.

ಆದುದರಿಂದ ನಾನು ಹೇಳಬಯಸುವುದು ಇಷ್ಟೇ: ಈ ಲೆಕ್ಕ ತಾಯಿಯ ಮೈ ಎಷ್ಟು ಇಳಿಯಿತು ಎಂಬುದರ ಲೆಕ್ಕವಲ್ಲ, ಮನೆಯವರು ಅವಳಿಗೆ ಎಷ್ಟು ಸಲ್ಲಿಸಬೇಕು ಎಂಬುದರ ಲೆಕ್ಕ. ಅವರವರಿಗೆ ಸಲ್ಲತಕ್ಕದ್ದನ್ನು ಸ್ಥಿರ ಮನಸ್ಸಿನಿಂದ ಸಲ್ಲಿಸುವುದೇ ನ್ಯಾಯ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ತಾಯಿಯ ಹಾಲಿನ ಋಣ ತೀರಿಸಲಾಗದು ಎಂದು ನಾವೆಲ್ಲ ಹೇಳುತ್ತೇವೆ. ತೀರಿಸಲಾಗದು ಎಂಬ ನೆಪದಲ್ಲಿ ತೀರಿಸಬಹುದಾದಷ್ಟನ್ನೂ ತೀರಿಸದೆ ಉಳಿದಿದ್ದೇವಲ್ಲವೇ?

600 ಕ್ಯಾಲೊರಿ ಎಂದರೆ ದೊಡ್ಡ ಐಶ್ವರ್ಯವೇನಲ್ಲ. ನೂರು ಗ್ರಾಂ ಜೋಳದ ಹಿಟ್ಟಿನ ಎರಡು ರೊಟ್ಟಿ, ಒಂದು ಹಿಡಿ ಶೇಂಗಾ, ಒಂದು ಸಣ್ಣ ಲೋಟ ಹಾಲು. ಇಷ್ಟು ಸೇರಿದರೆ ಹೆಚ್ಚುಕಡಿಮೆ ಆ ಲೆಕ್ಕ ಮುಟ್ಟುತ್ತದೆ. ಅದರ ಜೊತೆ ಬೇಳೆ, ಸೊಪ್ಪು ಇರಲಿ. ನಮ್ಮ ಹಿರಿಯರು ಬಾಣಂತಿಗೆ ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಮಾಡಿ ಕೊಡುತ್ತಿದ್ದುದರ ಹಿಂದೆ ಈ ಕಾಳಜಿಯೇ ಇತ್ತು. ಆದರೆ ತವರಿನಲ್ಲಿ ಸಿಕ್ಕ ಆ ಉಪಚಾರ ಗಂಡನ ಮನೆಗೆ ಮರಳಿದೊಡನೆ ನಿಂತುಹೋಗುತ್ತದೆ; ಕೂಸಿನ ಹಸಿವು ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟದ ಏರ್ಪಾಡಾಯಿತು. ಅದನ್ನು ಪಡೆಯಲು ನಾಚಿಕೆ ಬೇಡ. ಅತ್ತೆಯೋ ನಾದಿನಿಯೋ ಕೂಸನ್ನು ನೋಡಿಕೊಂಡರೆ ಸೊಸೆ ಹೋಗಿ ಉಂಡು ಬರಬಹುದಲ್ಲವೇ?

ಪವಿತ್ರ ಬೈಬಲಿನಲ್ಲಿ ಹನ್ನಳ ಕಥೆ ನಿಮಗೆ ಗೊತ್ತು. ವರ್ಷಕ್ಕೊಮ್ಮೆ ಬಲಿಯರ್ಪಿಸಲು ಮನೆಮಂದಿಯೆಲ್ಲ ಹೊರಟಾಗ, ಕೂಸು ಹಾಲು ಬಿಡುವತನಕ ತಾನು ಬರುವುದಿಲ್ಲವೆಂದು ಹನ್ನಳು ಹೇಳಿದಳು. ಗಂಡನಾದ ಎಲ್ಕಾನನು ಸಿಟ್ಟಾಗಲಿಲ್ಲ. ಅವಳಿಗೆ ಸರಿತೋರಿದಂತೆ ಮಾಡಲು ಬಿಟ್ಟನು. ಆ ಮನೆಯಲ್ಲಿ ದೇವಾಲಯದ ಯಾತ್ರೆಯೇ ಹಾಲೂಡುವ ತಾಯಿಗೆ ದಾರಿ ಬಿಟ್ಟುಕೊಟ್ಟಿತು. ಎಲ್ಕಾನನ ಕುರಿತು ನಾವು ಪ್ರಸಂಗ ಮಾಡುವುದು ಅಪರೂಪ. ಗಂಡಸರು ಅವನನ್ನೊಮ್ಮೆ ಓದಬೇಕು. ಪೋಪ್ ದ್ವಿತೀಯ ಜಾನ್ ಪಾಲರು 1995ರ ಮೇ 12ರಂದು ಎದೆಹಾಲಿನ ಕುರಿತು ಸೇರಿದ್ದ ವಿಜ್ಞಾನಿಗಳಿಗೆ ಹೇಳಿದ ಮಾತಿನ ತಿರುಳೂ ಇದೇ: ತಾಯಂದಿರಿಗೆ ಸಮಯ ಬೇಕು, ತಿಳಿವಳಿಕೆ ಬೇಕು, ಸುತ್ತಲಿನವರ ಆಸರೆ ಬೇಕು.

ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದ ತಾಯಂದಿರು, ಕಾಯಿಲೆಯಿಂದ ಹಾಲುಣಿಸಲಾಗದವರು, ದತ್ತು ಪಡೆದು ಸಾಕುವವರು ಇದನ್ನು ಓದಿ ನೊಂದುಕೊಳ್ಳಬಾರದು. ನೀವು ನಿಮ್ಮ ಕೂಸಿಗೆ ಕೊಡುವುದೂ ನಿಮ್ಮನ್ನೇ. ನಿಮ್ಮ ತಾಟೂ ತುಂಬಿರಬೇಕು.

ಆ ತಾಯಿಗೆ ನಾನು ಹೇಳಿದ್ದು, "ಪಾಪ ಇಲ್ಲಮ್ಮ. ಆದರೆ ಇವತ್ತಿನಿಂದ ರಾತ್ರಿ ಊಟ ಬಿಡಬೇಡ." ಅವಳ ಮನೆಯವರಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಎಲ್ಲ ಮನೆಯವರಿಗೂ ಹೇಳುತ್ತಿದ್ದೇನೆ. ಇಂದು ರಾತ್ರಿ ಜಪಸರ ಮುಗಿಸಿ ಊಟಕ್ಕೆ ಕುಳಿತಾಗ, ಹಾಲುಣಿಸುವ ತಾಯಿಯ ತಾಟನ್ನು ಮೊದಲು ಬಡಿಸಿರಿ. ಅವಳು ಉಣ್ಣುವಾಗ ಕೂಸನ್ನು ಗಂಡ ಎತ್ತಿಕೊಳ್ಳಲಿ. ಅವಳು ಉಂಡಳೋ ಇಲ್ಲವೋ ಎಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಲಿ.