ಗಡಿ ಇರುವುದೆಲ್ಲಿ?

ಎರಡು ಹೊಲಗಳ ನಡುವಿನ ಗಡಿ ನೆಲದಲ್ಲೇ ಇರುವ ವಸ್ತುವೋ, ಮನುಷ್ಯರು ಒಪ್ಪಿ ನಡೆಸಿಕೊಂಡು ಬಂದ ಕಟ್ಟಳೆಯೋ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆಯಾಗಿ ತೋರಿದರೂ, ಭೂಮಾಪನ ವೃತ್ತಿಯ ಇಂದಿನ ಬಿಕ್ಕಟ್ಟಿನ ಬೇರು ಅಲ್ಲಿಯೇ ಇದೆ. ಉಪಗ್ರಹ ಸಂಕೇತಗಳನ್ನು ಹಿಡಿದು ಸ್ಥಾನ ತಿಳಿಸುವ ಉಪಕರಣಗಳು ಸೆಂಟಿಮೀಟರುಗಳ ನಿಖರತೆಯನ್ನು ಅಲ್ಪ ತರಬೇತಿ ಪಡೆದವರಿಗೂ ಎಟುಕುವಂತೆ ಮಾಡಿರುವುದರಿಂದ ಭೂಮಾಪಕನ ಅಗತ್ಯವೇನೆಂಬ ಸಂದೇಹ ಹುಟ್ಟಿದೆ. ಹಲವು ದೇಶಗಳಲ್ಲಿ ಈ ವಿದ್ಯೆಯ ವಿಭಾಗಗಳು ಸಿವಿಲ್ ಎಂಜಿನಿಯರಿಂಗಿನಲ್ಲಿ ಕರಗಿವೆ, ಇಲ್ಲವೇ ಜಿಯೋಮ್ಯಾಟಿಕ್ಸ್, ಅಂದರೆ ಸ್ಥಳಸಂಬಂಧಿ ದತ್ತಾಂಶವನ್ನು ಸಂಗ್ರಹಿಸಿ ಸಂಸ್ಕರಿಸುವ ಶಾಸ್ತ್ರ, ಎಂಬ ಹೆಸರು ತಳೆದಿವೆ.

ಅಳತೆಯೇ ಈ ವೃತ್ತಿಯ ತಿರುಳೆಂದು ಪ್ರಾಚೀನರು ಬಗೆದಿರಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯು ಸೀಮಾವಿವಾದದಲ್ಲಿ, ಅಂದರೆ ಗಡಿಯ ತಂಟೆಯಲ್ಲಿ, ನೆರೆಯವರನ್ನೂ ಮುದುಕರನ್ನೂ ದನಗಾಹಿಗಳನ್ನೂ ಕರೆದು, ಇದ್ದಿಲು, ಹೊಟ್ಟು, ಮರ, ಹುತ್ತಗಳಂಥ ಗುರುತುಗಳಿಂದ ಎಲ್ಲೆಯನ್ನು ನಿರ್ಣಯಿಸಬೇಕೆನ್ನುತ್ತದೆ. ಅಮೆರಿಕದ ಮಿಷಿಗನ್‌ನ ನ್ಯಾಯಾಧೀಶ ಥಾಮಸ್ ಕೂಲಿ 1881ರಲ್ಲಿ ಮಂಡಿಸಿದ ವಿಚಾರವೂ ಇದಕ್ಕೆ ದೂರದ್ದಲ್ಲ: ಮೂಲ ಗುರುತುಗಳು ಎಲ್ಲಿರಬೇಕಿತ್ತೆಂಬುದನ್ನಲ್ಲ, ಎಲ್ಲಿದ್ದವೆಂಬುದನ್ನು ಹುಡುಕುವುದೇ ಭೂಮಾಪಕನ ಕೆಲಸವೆಂದು ಅವರು ವಾದಿಸಿದ್ದರು.

ನೆಲವೇ ಸರಿದರೆ ಏನಾಗುತ್ತದೆಂಬುದು ಇನ್ನೂ ಕಠಿಣ. 2010 ಮತ್ತು 2011ರ ಭೂಕಂಪಗಳಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಸುತ್ತಲಿನ ಜಮೀನು ಅಕ್ಕಪಕ್ಕಕ್ಕೆ ಜರುಗಿದಾಗ, ಬೇಲಿಯೂ ಮನೆಯೂ ಒಂದು ಕಡೆ, ದಾಖಲೆಯ ಅಳತೆ ಇನ್ನೊಂದು ಕಡೆ ಆಗುವ ಸಂಕಟ ಎದುರಾಯಿತು. 2016ರ ಕಾನೂನು, ಭೂಕುಸಿತವನ್ನು ಹೊರತುಪಡಿಸಿ, ನೆಲದ ಜೊತೆಗೆ ಗಡಿಯೂ ಸರಿದಿದೆಯೆಂದು ಘೋಷಿಸಿತು. ಸಿಂಗಪುರವೋ 2004ರಿಂದ ನಿರ್ದೇಶಾಂಕಗಳನ್ನೇ, ಅಂದರೆ ಸ್ಥಾನ ಸೂಚಿಸುವ ಸಂಖ್ಯೆಗಳನ್ನೇ, ಗಡಿಗೆ ಆಧಾರವಾಗಿಸಿದೆ. ಇವು ಪರಸ್ಪರ ವಿರುದ್ಧವೆಂದು ಕಂಡರೂ, ಎರಡೂ ಕಡೆ ಗಡಿಗೆ ಬಲ ಬಂದಿರುವುದು ಉಪಗ್ರಹದಿಂದಲ್ಲ, ಸಮಾಜ ಒಪ್ಪಿದ ಕಾನೂನಿನಿಂದ.

ಹೀಗಿದ್ದೂ ಪಠ್ಯಕ್ರಮಗಳು ಉಪಕರಣಗಳ ಹೊಸ ಮಾದರಿಗಳ ಹಿಂದೆ ಓಡುತ್ತ, ಹಳೆಯ ದಾಖಲೆ ಓದುವ, ಸಾಕ್ಷ್ಯವನ್ನು ತೂಗುವ ಶಿಕ್ಷಣವನ್ನು ಮೂಲೆಗೊತ್ತುವುದು ವಿಚಿತ್ರವೇ ಸರಿ, ಏಕೆಂದರೆ ಯಂತ್ರಕ್ಕೆ ಬಿಡಲಾಗದ ಭಾಗ ಅದೊಂದೇ. ಕರ್ನಾಟಕದ ಪೋಡಿ ಕೆಲಸದಲ್ಲಿ, ಅಂದರೆ ಒಂದೇ ಸರ್ವೆ ನಂಬರಿನ ಜಮೀನನ್ನು ಹಿಡುವಳಿದಾರರಿಗೆ ತಕ್ಕಂತೆ ಬೇರ್ಪಡಿಸಿ ನಕ್ಷೆ ಮಾಡುವಲ್ಲಿ, ಪಹಣಿ ದಾಖಲೆಯ ವಿಸ್ತೀರ್ಣವೂ ಅನುಭವದಲ್ಲಿರುವ ವಿಸ್ತೀರ್ಣವೂ ತಾಳೆಯಾಗದಿದ್ದಾಗ ಉಪಗ್ರಹ ಸಂಕೇತ ಹಿಡಿಯುವ ರೋವರ್ ಉಪಕರಣವು ವ್ಯತ್ಯಾಸ ಎಷ್ಟೆಂದು ತೋರಿಸಬಲ್ಲದೇ ಹೊರತು ಯಾವುದನ್ನು ಉಳಿಸಬೇಕೆಂದು ಹೇಳಲಾರದು.