ಕಾಣದ ನೆರೆಯವನ ಊಟ

ನಾವೆಂದೂ ಕಾಣದ ಮನುಷ್ಯನಿಗೂ ನಾವು ಪ್ರಾಮಾಣಿಕರಾಗಿರಬೇಕೆ? ಸಮಾರಿಯದವನ ಸಾಮತಿಯಲ್ಲಿ ಗಾಯಾಳು ದಾರಿಯಲ್ಲೇ ಬಿದ್ದಿದ್ದನು; ಅವನನ್ನು ಕಂಡೊಡನೆ ಕರುಣೆ ಹುಟ್ಟಿತು. ನಮ್ಮ ಕರಾವಳಿಯ ಘಟಕಗಳಲ್ಲಿ ಸಿಗಡಿ ಸುಲಿಯುವವರಿಗಾದರೋ ಅದನ್ನು ಉಣ್ಣುವವರ ಮುಖ ಎಂದೂ ಕಾಣುವುದಿಲ್ಲ.

ಹೆಪ್ಪುಗಟ್ಟಿಸಿದ ಸಿಗಡಿಯು ಶೀತಲ ಕಂಟೇನರಿನಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ವಾರಗಟ್ಟಲೆ ಸಮುದ್ರಯಾನ ಮಾಡುತ್ತದೆ. ಆ ಚಳಿ ಸೂಕ್ಷ್ಮಾಣುಗಳನ್ನು ಮಲಗಿಸುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಒಂದು ರಾತ್ರಿ ವಿದ್ಯುತ್ತು ನಿಂತು ಸರಕು ಕರಗಿದರೆ ಅವು ಎಚ್ಚೆತ್ತು ಬೆಳೆಯುತ್ತವೆ. ಮರಳಿ ಹೆಪ್ಪುಗಟ್ಟಿಸಿದಾಗ ಪೆಟ್ಟಿಗೆ ಮೊದಲಿನಂತೆಯೇ ತೋರುತ್ತದೆ. ಶೋಧನೆ ಇರುವುದು ಇಲ್ಲಿಯೇ. ಕಂಟೇನರಿನ ತಾಪಮಾನವನ್ನು ದಾಖಲಿಸಲು ಯಂತ್ರವಿದೆ, ನಿಜ. ಬಾಗಿಲು ಮುಚ್ಚುವ ಮುನ್ನ ನಡೆದದ್ದನ್ನು ಅದು ಹೇಗೆ ಬಲ್ಲುದು?

ಇಂಥ ಸಾಗಣೆ ಇನ್ನೂ ಹೊಸದಾಗಿದ್ದ 1882ರಲ್ಲಿ ‘ಡನೀಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಕುರಿಮಾಂಸ ಹೊತ್ತು 98 ದಿನಗಳಲ್ಲಿ ಲಂಡನ್ ಸೇರಿತು. ಉಷ್ಣವಲಯದಲ್ಲಿ ತಂಪುಗಾಳಿ ಸರಿಯಾಗಿ ಹರಿಯದಾದಾಗ ಕಪ್ತಾನ ವಿಟ್ಸನ್ ತಾನೇ ಒಳಗೆ ತೆವಳಿ ಗಾಳಿಗೆ ಹೊಸ ದಾರಿ ಕೊರೆದನು. ಮರಗಟ್ಟಿದ ಅವನನ್ನು ಹಗ್ಗ ಕಟ್ಟಿ ಎಳೆದು ಬದುಕಿಸಬೇಕಾಯಿತು. ಲಾಭದ ಚಿಂತೆಯೂ ಇದ್ದಿರಬೇಕು. ಆದರೂ ಅವನು ಕಾಪಾಡಿದ್ದು ತಾನರಿಯದವರ ಊಟವನ್ನು.

ಹಾಗೆಂದು ಹೊಣೆಯನ್ನೆಲ್ಲ ದಿನಗೂಲಿಯ ಹೆಣ್ಣುಮಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಸರಕು ಕರಗಿತ್ತೆಂದು ಬಾಯಿಬಿಟ್ಟರೆ ನಾಳೆ ಅವಳಿಗೆ ಕೆಲಸವಿಲ್ಲವೆಂದಾದರೆ, ಅವಳ ಮೌನಕ್ಕೆ ಮೊದಲು ಉತ್ತರ ಕೊಡಬೇಕಾದವನು ಧಣಿ. ಆದರೆ ನಿಮ್ಮ ಮಗಳೇ ಸಂಜೆ ಮನೆಗೆ ಬಂದು, “ಅಮ್ಮಾ, ಹೇಳಲೋ ಬೇಡವೋ?” ಎಂದು ಕೇಳಿದರೆ ನೀವು ಏನನ್ನುವಿರಿ?