ಭಾಷೆಯೂ ಭರವಸೆಯೂ

ದಾಂಪತ್ಯದಲ್ಲಿ ಮುರಿದ ನಂಬಿಕೆಯನ್ನು ಆಣೆಯಿಂದ ಮರಳಿ ಕಟ್ಟಬಹುದೆ? ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಸೀಮೆಯಲ್ಲಿ ಕಂಸಾಳೆಯವರು ಹಾಡಿಕೊಂಡು ಬಂದಿರುವ ಸಂಕಮ್ಮನ ಕಥೆಯು ಈ ಪ್ರಶ್ನೆಯನ್ನೇ ಎತ್ತುತ್ತದೆ. ಕಾಡಿಗೆ ಹೊರಟ ಸೋಲಿಗರ ನೀಲೇಗೌಡನು ಮಡದಿಯ ಶೀಲವನ್ನು ಶಂಕಿಸಿ ಭಾಷೆ ಬೇಡಿದನು. ಆಕೆ ಕೊಡದಿರಲು ಹಿಂಸಿಸಿ, ಗುಡಿಸಲಿನಲ್ಲಿ ಕೂಡಿಹಾಕಿದನು. ಆಕೆಯನ್ನು ಕಾಪಾಡಿದವನು ಮಹದೇಶ್ವರ. ಜನಪದದ ಮರುಕವೆಲ್ಲ ಆಕೆಯ ಪಾಲಿಗೇ ಸಂದಿತು.

ಸಂಕಮ್ಮ ನಿರ್ದೋಷಿ. ಆದರೆ ಸತಿಯಾಗಲಿ ಪತಿಯಾಗಲಿ ನಿಜವಾಗಿಯೇ ತಪ್ಪಿದಾಗಲೂ ಆಣೆ, ಕಾವಲು, ದಂಡನೆಗಳಿಂದ ಭರವಸೆ ಹುಟ್ಟದು. ವ್ಯಭಿಚಾರವನ್ನು ಅಪರಾಧವೆಂದಿದ್ದ ದಂಡಸಂಹಿತೆಯ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ರದ್ದುಗೊಳಿಸಿತು. ವಿಚ್ಛೇದನಕ್ಕೆ ಅದು ಇಂದಿಗೂ ಕಾರಣವೇ. ಸೆರೆಯ ಭಯ ಹೋದರೂ ಮನೆಯೊಳಗಣ ನೋವು ಉಳಿದಿದೆ.

ಈ ನೋವಿಗೆ ಮದ್ದಾಗಿ ಆಪ್ತಸಮಾಲೋಚನೆಯುಂಟು. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವೂ ಸಮಾಲೋಚಕರಿಗೆ ಎಡೆಗೊಟ್ಟಿದೆ. ಸಮಾಲೋಚಕನು ತೀರ್ಪು ನೀಡುವವನಲ್ಲ. ತಪ್ಪಿದವರು ಅನ್ಯಸಂಬಂಧವನ್ನು ತೊರೆದು ನೆಪ ಹೂಡದೆ ಸತ್ಯ ನುಡಿಯುವಂತೆಯೂ, ನೊಂದವರು ಸೇಡಿಲ್ಲದೆ ನೋವನ್ನು ತೋಡಿಕೊಳ್ಳುವಂತೆಯೂ ಇಬ್ಬರಿಗೂ ನೆರವಾಗುವನು. ಶರಣರು ನುಡಿಯನ್ನು ನಡೆಯಿಂದ ಅಳೆದರು. ಒಂದು ದಿನದ ಆಣೆಗಿಂತ ಹಲವು ದಿನಗಳ ನಡೆ ದೊಡ್ಡದು. ಕ್ಷಮೆಯನ್ನು ಬೇಡಬಹುದು, ಬಲವಂತದಿಂದ ಪಡೆಯಲಾಗದು. ಎಷ್ಟು ಯತ್ನಿಸಿದರೂ ಮನ ಕೂಡದಿದ್ದರೆ ಅಗಲುವುದೂ ಅಧರ್ಮವಲ್ಲ. ಹಿಂಸೆಯಿರುವ ಮನೆಯಲ್ಲಿ ಮಾತ್ರ ಸಂಧಾನಕ್ಕೆ ಮುನ್ನ ರಕ್ಷಣೆ ಬೇಕು. ಸಂಕಮ್ಮನಿಗೆ ಮೊದಲು ದೊರೆತುದೂ ಅದೇ.